ಎರಡು ಬಗೆಯ ಮೌನ
('ಮಿಸ್ ಪಾಟರ್' ಚಿತ್ರದ ರಸಾಸ್ವಾದನೆ)

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಚಲನಚಿತ್ರವೊಂದನ್ನು ಕುರಿತು ಬರೆಯುವುದು ತಕ್ಕುದೇ ಎಂದು ಕೆಲವರಾದರೂ ಕೇಳಬಹುದು. ಕಾವ್ಯವನ್ನೂ ನಾಟಕವನ್ನೂ ಗಂಭೀರವಾಗಿ ಚರ್ಚಿಸುವ ನಾವು ಚಲನಚಿತ್ರದ ಮಾತು ಬಂದೊಡನೆ 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಎರಡು ಮಾತುಗಳಲ್ಲಿ ವ್ಯವಹಾರವನ್ನು ಮುಗಿಸಿಬಿಡುತ್ತೇವೆ. ಆದರೆ ರಸವೆಂಬುದು ತಾಳೆಗರಿಯ ಮೇಲೆ ಮಾತ್ರ ಹುಟ್ಟುವ ವಸ್ತುವಲ್ಲ. ನಮ್ಮ ಪ್ರಾಚೀನ ಮೀಮಾಂಸಕರು ಅದನ್ನು ಮೊದಲು ಕಂಡದ್ದು ರಂಗಭೂಮಿಯ ಮೇಲೆ. ಭರತಮುನಿಯ ವಿಚಾರವೆಲ್ಲ ನೋಡುವ ಕಲೆಯನ್ನು ಕುರಿತದ್ದು. ಆದ್ದರಿಂದ ತರಗತಿಯಲ್ಲಿ ಕಲಿತ ಮಾತುಗಳನ್ನು ಬೆಳ್ಳಿತೆರೆಯ ಮುಂದೆಯೂ ಪರೀಕ್ಷಿಸಿ ನೋಡುವುದರಲ್ಲಿ ತಪ್ಪಿಲ್ಲವೆಂದು ನನ್ನ ಭಾವನೆ. ಅಂಥ ಪರೀಕ್ಷೆಗೆ ನಾನು ಆಯ್ದುಕೊಂಡಿರುವುದು ೨೦೦೬ರಲ್ಲಿ ತೆರೆಕಂಡ 'ಮಿಸ್ ಪಾಟರ್' ಎಂಬ ಇಂಗ್ಲಿಷ್ ಚಿತ್ರ.

ಈ ಚಿತ್ರದಲ್ಲಿ ಯುದ್ಧವಿಲ್ಲ, ಕೊಲೆಯಿಲ್ಲ, ಅಬ್ಬರದ ಸಂಭಾಷಣೆಯಿಲ್ಲ. ಒಂದೂವರೆ ಗಂಟೆಯಷ್ಟು ಹೊತ್ತು ಮೆಲುದನಿಯಲ್ಲಿ ನಡೆದು ಮುಗಿದುಹೋಗುತ್ತದೆ. ಇದರ ನಿರ್ದೇಶಕ ಕ್ರಿಸ್ ನೂನನ್; ಹಂದಿಮರಿಯೊಂದು ಕುರಿ ಕಾಯಲು ಕಲಿಯುವ 'ಬೇಬ್' ಎಂಬ ಚಿತ್ರವನ್ನು ೧೯೯೫ರಲ್ಲಿ ಕೊಟ್ಟವನೂ ಇವನೇ. ಕಥೆ ಚಿತ್ರಕಥೆ ರಿಚರ್ಡ್ ಮಾಲ್ಟ್‌ಬಿ ಜೂನಿಯರ್ ಅವರದು. ನಾಯಿಕೆಯ ಪಾತ್ರವನ್ನು ರೆನೀ ಜೆಲ್ವೆಗರ್, ನಾಯಕನ ಪಾತ್ರವನ್ನು ಈವನ್ ಮೆಕ್‌ಗ್ರೆಗರ್, ನಾಯಕನ ಅಕ್ಕನಾದ ಮಿಲಿಯ ಪಾತ್ರವನ್ನು ಎಮಿಲಿ ವಾಟ್ಸನ್ ವಹಿಸಿದ್ದಾರೆ. ಚಿತ್ರದ ವಸ್ತು ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಅವರ ಬಾಳಿನ ಕೆಲವು ವರ್ಷಗಳು. ನೀಲಿ ಕೋಟು ತೊಟ್ಟು ಪರರ ತೋಟಕ್ಕೆ ನುಗ್ಗುವ ಮೊಲದ ಮರಿ ಪೀಟರ್‌ನ ಕಥೆಯನ್ನು ಬರೆದು, ಅದಕ್ಕೆ ಚಿತ್ರಗಳನ್ನೂ ಬಿಡಿಸಿದವರು ಇವರು.

ಮೊದಲು ಕಥೆಯ ಸಂಗ್ರಹ. ಕಾಲ, ಇಪ್ಪತ್ತನೆಯ ಶತಮಾನದ ಆರಂಭ; ಸ್ಥಳ, ಲಂಡನ್ನಿನ ಒಂದು ಸಿರಿವಂತ ಮನೆ. ಬಿಯಾಟ್ರಿಕ್ಸ್ ಮೂವತ್ತು ದಾಟಿದ ಅವಿವಾಹಿತೆ; ತಂದೆತಾಯಿಯರ ಜೊತೆಯಲ್ಲಿಯೇ ಇದ್ದಾಳೆ. ತಾಯಿ ತಂದ ವರಗಳನ್ನೆಲ್ಲ ನಿರಾಕರಿಸಿದ್ದಾಳೆ. ತನ್ನ ಮೊಲದ ಕಥೆಯನ್ನು ಎತ್ತಿಕೊಂಡು ವಾರ್ನ್ ಎಂಬ ಪ್ರಕಾಶನ ಸಂಸ್ಥೆಗೆ ಹೋಗುತ್ತಾಳೆ. ಹಿರಿಯ ಸಹೋದರರಿಬ್ಬರು ಆ ಪುಸ್ತಕದಲ್ಲಿ ಹೆಚ್ಚಿನ ನಂಬಿಕೆಯಿಲ್ಲದೆ ಅದನ್ನು ತಮ್ಮ ಕಿರಿಯ ತಮ್ಮ ನಾರ್ಮನ್‌ಗೆ ಒಪ್ಪಿಸುತ್ತಾರೆ. ನಾರ್ಮನ್ ಅದನ್ನು ಶ್ರದ್ಧೆಯಿಂದ ಅಚ್ಚುಹಾಕಿಸುತ್ತಾನೆ. ಪುಸ್ತಕ ಗೆಲ್ಲುತ್ತದೆ, ಕೆಲಸದಲ್ಲಿ ಹುಟ್ಟಿದ ಸ್ನೇಹ ಒಲವಾಗುತ್ತದೆ. ಆದರೆ ಆತ 'ವ್ಯಾಪಾರಸ್ಥ' ಎಂದು ತಂದೆತಾಯಿಯರು ಒಪ್ಪುವುದಿಲ್ಲ. ಕೊನೆಗೆ ಒಂದು ಕರಾರು: ನಿಶ್ಚಿತಾರ್ಥ ಗುಟ್ಟಾಗಿರಬೇಕು; ಬೇಸಿಗೆಯನ್ನು ಮಗಳು ತಮ್ಮ ಜೊತೆ ಸರೋವರಗಳ ನಾಡಿನಲ್ಲಿ ಕಳೆಯಬೇಕು; ಆಮೇಲೂ ಅವಳ ಮನಸ್ಸು ಬದಲಾಗದಿದ್ದರೆ ತಮ್ಮ ಅಡ್ಡಿಯಿಲ್ಲ. ಅವಳು ಒಪ್ಪುತ್ತಾಳೆ. ಬೇಸಿಗೆ ಮುಗಿಯುವ ಮೊದಲೇ ನಾರ್ಮನ್‌ಗೆ ಕಾಯಿಲೆಯೆಂಬ ಕಾಗದ ಬರುತ್ತದೆ. ಅವಳು ಲಂಡನ್ನಿಗೆ ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆ ಬಳಿಕ ಅವಳು ತವರುಮನೆಯನ್ನು ಬಿಟ್ಟು, ತನ್ನ ಸ್ವಂತ ಸಂಪಾದನೆಯಿಂದ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡು, ಅಲ್ಲಿ ನೆಲೆಸಿ, ಮತ್ತೆ ಕುಂಚ ಹಿಡಿಯುತ್ತಾಳೆ.

ಇಷ್ಟೇ ಕಥೆ. ಈ ಕಥೆಯನ್ನು ಕಣ್ಣೀರಿನ ಹೊಳೆಯಾಗಿ ಹರಿಸುವುದು ಸುಲಭವಿತ್ತು. ಚಿತ್ರ ಹಾಗೆ ಮಾಡುವುದಿಲ್ಲ. ಹೇಳಬಹುದಾದ ಎಷ್ಟೋ ಮಾತನ್ನು ಹೇಳದೆ ಬಿಡುತ್ತದೆ. ಅದರ ಸೊಗಸೆಲ್ಲ ಈ ಮೌನದಲ್ಲಿದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ವಿದ್ಯಾರ್ಥಿಯಾದವನು ಅಷ್ಟಕ್ಕೇ ನಿಲ್ಲಬಾರದು. ಮೌನದಲ್ಲಿ ಎರಡು ಬಗೆಯಿದೆ. ಒಂದು, ಸೂಚಿಸುವ ಮೌನ. ಮಾತು ನಿಂತಲ್ಲಿ ಅರ್ಥ ಬೆಳೆಯುವಂತೆ ಮಾಡುವುದು. ಇನ್ನೊಂದು, ಮರೆಮಾಚುವ ಮೌನ. ಇರುವುದನ್ನು ಇಲ್ಲವೆನ್ನಿಸುವಂತೆ ಮಾಡುವುದು. 'ಮಿಸ್ ಪಾಟರ್' ಚಿತ್ರದಲ್ಲಿ ಎರಡೂ ಇವೆ. ಇವನ್ನು ಬೇರ್ಪಡಿಸಿ ನೋಡುವುದೇ ಈ ಪ್ರಬಂಧದ ಉದ್ದೇಶ.

ಮೊದಲನೆಯ ಮೌನವನ್ನು ತೆಗೆದುಕೊಳ್ಳೋಣ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದವರಿಗೆ ಧ್ವನಿಯ ವಿಚಾರ ಹೊಸದಲ್ಲ. ರಸವನ್ನು ಅದರ ಹೆಸರಿನಿಂದ ಕರೆದರೆ ಅದು ಬರುವುದಿಲ್ಲವೆಂಬುದು ಆನಂದವರ್ಧನನ ನಿಲುವು. 'ಅವಳಿಗೆ ಶೋಕವಾಯಿತು' ಎಂದು ಬರೆದ ಮಾತ್ರಕ್ಕೆ ಓದುಗನಿಗೆ ಶೋಕದ ಅನುಭವವಾಗದು. ಶೋಕಕ್ಕೆ ಕಾರಣವಾದದ್ದನ್ನು, ಶೋಕದಿಂದ ಆದದ್ದನ್ನು ಕವಿ ಕಣ್ಣ ಮುಂದಿಡಬೇಕು. ನಡುವಿನದನ್ನು ಸಹೃದಯನೇ ತನ್ನ ಹೃದಯದಿಂದ ತುಂಬಿಕೊಳ್ಳಬೇಕು. ಈ ಮಾತಿಗೆ ಚಲನಚಿತ್ರದಿಂದ ಒಂದು ದೃಷ್ಟಾಂತ ಬೇಕಾದರೆ, ನಾರ್ಮನ್ನನ ಮರಣದ ಸಂದರ್ಭವನ್ನು ನೋಡಬಹುದು.

ಆ ಮರಣ ತೆರೆಯ ಮೇಲೆ ನಡೆಯುವುದೇ ಇಲ್ಲ. ಮಂಚವಿಲ್ಲ, ವೈದ್ಯನಿಲ್ಲ, ಕಡೆಯ ಮಾತುಗಳಿಲ್ಲ. ಬೇಸಿಗೆಗೆ ಹೊರಡುವ ಮುನ್ನ ರೈಲು ನಿಲ್ದಾಣದಲ್ಲಿ ಇಬ್ಬರೂ ಬೀಳ್ಕೊಂಡದ್ದೇ ಪ್ರೇಕ್ಷಕನ ಪಾಲಿಗೂ ಕೊನೆಯ ಭೇಟಿ. ಆ ಮೇಲೆ ನಾರ್ಮನ್ ಕಾಗದಗಳಲ್ಲಿ ಮಾತ್ರ ಇರುತ್ತಾನೆ. ಒಂದು ದಿನ ಬರುವ ಕಾಗದದ ಕೈಬರಹ ಅವನದಲ್ಲ, ಅಕ್ಕನದು. ಬಿಯಾಟ್ರಿಕ್ಸ್ ಬಂದು ತಲಪುವ ವೇಳೆಗೆ ಉಳಿದಿರುವುದು ಮಿಲಿಯ ಮುಖ ಮಾತ್ರ. ನಾವು ಬಿಯಾಟ್ರಿಕ್ಸ್‌ಗಿಂತ ಒಂದು ಕ್ಷಣವೂ ಮೊದಲು ಸುದ್ದಿಯನ್ನು ತಿಳಿಯುವುದಿಲ್ಲ. ಅವಳಿಗೆ ದೊರೆಯದಿದ್ದ ಕೊನೆಯ ದರ್ಶನ ನಮಗೂ ದೊರೆಯುವುದಿಲ್ಲ. ತಡವಾಗಿ ಬಂದ ಸಂಕಟ ಅವಳದಾಗಿರುವಂತೆಯೇ ನಮ್ಮದೂ ಆಗುತ್ತದೆ. ಮರಣಶಯ್ಯೆಯನ್ನು ತೋರಿಸಿದ್ದರೆ ನಮಗೆ ಕನಿಕರ ಹುಟ್ಟುತ್ತಿತ್ತು. ತೋರಿಸದೆ ಬಿಟ್ಟದ್ದರಿಂದ ಹುಟ್ಟಿದ್ದು ಕರುಣರಸ.

ಇದಕ್ಕಿಂತ ಮಿಗಿಲಾದದ್ದು ಅನಂತರದ ದೃಶ್ಯ. ಅದನ್ನು ಅರ್ಥಮಾಡಿಕೊಳ್ಳಲು ಚಿತ್ರದ ಆರಂಭದಿಂದಲೂ ನಡೆದುಬಂದ ಒಂದು ಉಪಾಯವನ್ನು ಗಮನಿಸಬೇಕು. ಬಿಯಾಟ್ರಿಕ್ಸ್ ಬರೆದ ಚಿತ್ರಗಳಿಗೆ ಆಗಾಗ ಜೀವ ಬರುತ್ತದೆ. ಹಾಳೆಯ ಮೇಲಿನ ಮೊಲ ಕಿವಿ ಆಡಿಸುತ್ತದೆ. ಅವಳು ಅದನ್ನು ಮಕ್ಕಳನ್ನು ಗದರಿಸುವಂತೆ ಗದರಿಸುತ್ತಾಳೆ. ಉಳಿದವರಿಗೆ ಇದು ಕಾಣುವುದಿಲ್ಲ. ಮೊದಲ ನೋಟಕ್ಕೆ ಇದೊಂದು ತಮಾಷೆಯ ತಂತ್ರ. ಮಕ್ಕಳಿಗೆ ಮೆಚ್ಚಿಕೆಯಾಗಲೆಂದು ಸೇರಿಸಿದ್ದು ಎನ್ನಿಸುತ್ತದೆ. ನಿಜವಾಗಿ ಅದು ನಿರ್ದೇಶಕನು ಮುಂದಿನ ಹೊತ್ತಿಗಾಗಿ ಕೂಡಿಟ್ಟ ಗಂಟು. ನಾರ್ಮನ್ ಹೋದ ಮೇಲೆ ಅವಳು ಬಾಗಿಲು ಹಾಕಿಕೊಂಡು ಮತ್ತೆ ಬರೆಯಲು ಕುಳಿತಾಗ, ಆ ಪ್ರಾಣಿಗಳು ಹಾಳೆಯಲ್ಲಿ ನಿಲ್ಲುವುದಿಲ್ಲ. ಅವು ಓಡಿಹೋಗುತ್ತವೆ. ಹಾಳೆ ಬರಿದಾಗುತ್ತದೆ. 'ನನ್ನಿಂದ ಬರೆಯಲಾಗುತ್ತಿಲ್ಲ, ನನ್ನ ಬಾಳು ಬರಿದಾಯಿತು' ಎಂದು ಅವಳು ಹೇಳಬೇಕಾದ ಪ್ರಮೇಯವೇ ಇಲ್ಲ. ಬಾಲ್ಯದಿಂದ ಒಂಟಿಯಾಗಿದ್ದವಳಿಗೆ ಜೊತೆಯಾಗಿದ್ದ ಗೆಳೆಯರೂ ಬಿಟ್ಟುಹೋದರು ಎಂಬುದು ನಮಗೆ ತಾನಾಗಿ ಹೊಳೆಯುತ್ತದೆ. ಹಾಸ್ಯಕ್ಕೆಂದು ಬಳಸಿದ ಸಾಧನವೇ ಶೋಕಕ್ಕೆ ವ್ಯಂಜಕವಾಗುವುದು ಸಾಮಾನ್ಯ ಕೌಶಲವಲ್ಲ.

ಒಲವಿನ ಚಿತ್ರಣದಲ್ಲಿಯೂ ಇದೇ ಸಂಯಮವಿದೆ. ಅಂದಿನ ಕಾಲದ ಆಚಾರದಂತೆ ಅವಿವಾಹಿತೆಯಾದ ಹೆಣ್ಣು ಎಲ್ಲಿಗೆ ಹೋದರೂ ಕಾವಲಿಗೊಬ್ಬ ವೃದ್ಧೆ ಬೆನ್ನಿಗಿರಬೇಕು. ಮುದ್ರಣಾಲಯದಲ್ಲಿ ಬಣ್ಣ ಸರಿಯಾಗಿ ಬಂದಿದೆಯೆ ಎಂದು ನೋಡುವಾಗಲೂ, ಪುಸ್ತಕದ ಮಾತಾಡುವಾಗಲೂ ಆ ವೃದ್ಧೆ ಮೂಲೆಯಲ್ಲಿ ಕುಳಿತಿರುತ್ತಾಳೆ. ಆದ್ದರಿಂದ ಅವರಿಬ್ಬರ ಪ್ರೇಮಸಲ್ಲಾಪವೆಲ್ಲ ಕೆಲಸದ ಮಾತಿನ ಒಳಗೇ ನಡೆಯಬೇಕಾಗುತ್ತದೆ. 'ಈ ನೀಲಿ ಸ್ವಲ್ಪ ಗಾಢವಾಯಿತು' ಎಂಬ ಬಗೆಯ ಮಾತು ಇಬ್ಬರ ನಡುವೆ ಬೇರೊಂದು ಅರ್ಥವನ್ನು ಪಡೆಯುತ್ತದೆ. ಇಡೀ ಚಿತ್ರದಲ್ಲಿ ಅವರು ಸ್ವಲ್ಪ ಹೊತ್ತು ಬಿಡುವಾಗಿ ಸಿಕ್ಕುವುದು ಒಂದು ಕ್ರಿಸ್‌ಮಸ್ ಸಂಜೆ. ಸಂಗೀತದ ಪುಟ್ಟ ಪೆಟ್ಟಿಗೆಯ ರಾಗಕ್ಕೆ ನಾರ್ಮನ್ ಮೆಲ್ಲನೆ ಹಾಡುತ್ತಾ ಅವಳೊಡನೆ ನಾಲ್ಕು ಹೆಜ್ಜೆ ಕುಣಿಯುತ್ತಾನೆ. ಒಬ್ಬರನ್ನೊಬ್ಬರು ಮುಟ್ಟಿದರೆ ಮುರಿದುಹೋಗುವರೋ ಎಂಬಷ್ಟು ಎಚ್ಚರಿಕೆ ಆ ಕುಣಿತದಲ್ಲಿದೆ.

ಇಲ್ಲಿ ನಟರ ಕೆಲಸವನ್ನೂ ನೆನೆಯಬೇಕು. ಜೆಲ್ವೆಗರ್ ಅವರ ಅಭಿನಯದಲ್ಲಿ ಮುಖವನ್ನು ಬಿಗಿಹಿಡಿದುಕೊಳ್ಳುವ ಒಂದು ರೀತಿಯಿದೆ. ಮನೆಯಲ್ಲಿ ಬಹುಕಾಲ ಬಾಯಿ ಮುಚ್ಚಿಕೊಂಡು ಬಾಳಿದವಳ ಮುಖ ಅದು. ಅದು ಸಡಿಲವಾಗುವುದು ಎರಡೇ ಕಡೆ: ಹಾಳೆಯ ಮುಂದೆ, ಮತ್ತು ವಾರ್ನ್ ಮನೆಯವರ ನಡುವೆ. ಎಮಿಲಿ ವಾಟ್ಸನ್ನರ ಮಿಲಿಯಂತೂ ಈ ಚಿತ್ರದ ಆಸ್ತಿ. ಮದುವೆಯಾಗದ ಹೆಣ್ಣೆಂದರೆ ಮರುಕಕ್ಕೆ ಪಾತ್ರಳಾದವಳು ಎಂಬ ಲೋಕದ ಮಾತನ್ನು ಆಕೆ ನಗುತ್ತಲೇ ತಳ್ಳಿಹಾಕುತ್ತಾಳೆ. ಗೆಳತಿ ಮದುವೆಯ ಸುದ್ದಿ ಹೇಳಿದಾಗ ತನ್ನ ಒಂಟಿತನವನ್ನು ಬದಿಗಿಟ್ಟು ಅವಳಿಗೆ ಧೈರ್ಯ ತುಂಬುವವಳೂ, ತಮ್ಮನನ್ನು ಕಳೆದುಕೊಂಡ ದುಃಖದಲ್ಲಿಯೂ ಗೆಳತಿಯನ್ನು ಸಂತೈಸಲು ಬರುವವಳೂ ಆಕೆಯೇ. ಇಬ್ಬರು ಹೆಂಗಸರ ಸ್ನೇಹವನ್ನು ಇಷ್ಟು ಗೌರವದಿಂದ ತೋರಿಸುವ ಚಿತ್ರಗಳು ಕಡಮೆ.

ಈ ಸಂಯಮ ಎಲ್ಲಿಂದ ಬಂತು? ನಿರ್ದೇಶಕನ ಸ್ವಭಾವದಿಂದ ಬಂದಿರಬಹುದು. ಆದರೆ ನನಗೆ ತೋರುವಂತೆ ಅದು ಲೇಖಕಿಯ ಬರವಣಿಗೆಯಿಂದಲೇ ಬಂದದ್ದು. ಪೀಟರ್ ಮೊಲದ ಕಥೆ ಹುಟ್ಟಿದ್ದು ೧೮೯೩ರ ಸೆಪ್ಟೆಂಬರ್ ೪ರಂದು, ಒಂದು ಕಾಗದವಾಗಿ. ಬಿಯಾಟ್ರಿಕ್ಸ್‌ಗೆ ಹಿಂದೆ ಮನೆಪಾಠ ಹೇಳಿದ್ದ ಉಪಾಧ್ಯಾಯಿನಿ ಆ್ಯನಿ ಮೂರ್ ಅವರ ಐದು ವರ್ಷದ ಮಗ ನೋಯೆಲ್ ಕಾಯಿಲೆ ಮಲಗಿದ್ದ. ಅವನಿಗೆ ಬರೆಯಲು ಬೇರೆ ವಿಷಯ ತೋಚದೆ ನಾಲ್ಕು ಮೊಲದ ಮರಿಗಳ ಕಥೆಯನ್ನು ಚಿತ್ರಸಮೇತ ಬರೆದು ಕಳಿಸಿದರು. ಆ ಕಥೆಯ ಮೊದಲ ಪುಟಗಳಲ್ಲಿಯೇ ಒಂದು ಮರಣವಿದೆ. ತಾಯಿಮೊಲ ಮಕ್ಕಳಿಗೆ ಎಚ್ಚರಿಕೆ ಹೇಳುತ್ತಾ, ನಿಮ್ಮ ತಂದೆ ಆ ತೋಟಕ್ಕೆ ಹೋಗಿ ಅಪಘಾತಕ್ಕೆ ಸಿಕ್ಕು, ತೋಟದವನ ಹೆಂಡತಿಯ ಅಡುಗೆಯಲ್ಲಿ ಪೈ ಆದರು ಎಂದು ತಿಳಿಸುತ್ತದೆ. ಅಷ್ಟೇ. ಅಳುವಿಲ್ಲ, ವಿಲಾಪವಿಲ್ಲ, ಮರುಕ್ಷಣವೇ ಆ ತಾಯಿ ಬುಟ್ಟಿ ಕೊಡೆ ಹಿಡಿದು ರೊಟ್ಟಿ ತರಲು ಹೊರಡುತ್ತದೆ. ಮಕ್ಕಳಿಗೆ ಸುಳ್ಳು ಹೇಳಬಾರದು, ಹೆದರಿಸಲೂ ಬಾರದು. ಇದ್ದದ್ದನ್ನು ಇದ್ದಂತೆ ಹೇಳಿ ಮುಂದಿನ ಕೆಲಸಕ್ಕೆ ನಡೆಯಬೇಕು ಎಂಬುದು ಆ ಲೇಖನಿಯ ಧರ್ಮ. ಇಂಥ ಲೇಖಕಿಯ ಬಾಳಿನ ಚಿತ್ರದಲ್ಲಿ ವಿಲಾಪದ ದೃಶ್ಯಗಳಿದ್ದರೆ ಅದು ಅನೌಚಿತ್ಯವಾಗುತ್ತಿತ್ತು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದದ್ದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಇಷ್ಟು ಮೆಚ್ಚಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಚಿತ್ರದ ಹಿನ್ನೆಲೆ ಸಂಗೀತ ಹಲವು ಕಡೆ ಹಿತಮಿತವಾಗಿದ್ದರೂ, ಕೆಲವು ಕಡೆ ಪ್ರೇಕ್ಷಕನ ಮೇಲೆ ನಂಬಿಕೆ ಸಾಲದೆ, 'ಇಲ್ಲಿ ನೀವು ಮರುಗಬೇಕು', 'ಇಲ್ಲಿ ಹಿಗ್ಗಬೇಕು' ಎಂದು ಕೈಹಿಡಿದು ನಡೆಸುತ್ತದೆ. ಗುಡ್ಡ, ಸರೋವರ, ಹಸುರು ಕಂಡಾಗಲೆಲ್ಲ ಪಿಟೀಲುಗಳು ಏರಬೇಕೆಂಬ ನಿಯಮವೇನೂ ಇಲ್ಲ. ರಸವನ್ನು ಹೆಸರು ಹಿಡಿದು ಕೂಗುವ ದೋಷ ಕಾವ್ಯದಲ್ಲಿ ಮಾತಿನಿಂದ ಆಗುವಂತೆ ಚಲನಚಿತ್ರದಲ್ಲಿ ವಾದ್ಯದಿಂದಲೂ ಆಗಬಹುದೆಂಬುದಕ್ಕೆ ಇದು ಉದಾಹರಣೆ.

ಇನ್ನು ಎರಡನೆಯ ಮೌನ. ಇದನ್ನು ಕಾಣಬೇಕಾದರೆ ಚಿತ್ರದಿಂದ ಹೊರಗೆ ಬಂದು ಚರಿತ್ರೆಯನ್ನು ನೋಡಬೇಕು.

ಬಿಯಾಟ್ರಿಕ್ಸ್ ಪಾಟರ್ ಹುಟ್ಟಿದ್ದು ೧೮೬೬ರ ಜುಲೈ ೨೮ರಂದು. ನಾರ್ಮನ್ ವಾರ್ನ್ ಕಾಗದದ ಮೂಲಕ ಮದುವೆಯ ಪ್ರಸ್ತಾಪ ಮಾಡಿದ್ದು ೧೯೦೫ರ ಜುಲೈಯಲ್ಲಿ. ರಕ್ತದ ಕ್ಯಾನ್ಸರಿನಿಂದ ತೀರಿಕೊಂಡದ್ದು ಅದೇ ವರ್ಷ ಆಗಸ್ಟ್ ೨೫ರಂದು, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ. ನಿಶ್ಚಿತಾರ್ಥ ಬಾಳಿದ್ದು ಒಂದೇ ತಿಂಗಳು. ಆಗ ಅವರು ಇದ್ದದ್ದು ಸರೋವರಗಳ ನಾಡಿನಲ್ಲಲ್ಲ, ವೇಲ್ಸಿನಲ್ಲಿ. ಅನಂತರ ಅವರು ವಿಲಿಯಂ ಹೀಲಿಸ್ ಎಂಬ ವಕೀಲರನ್ನು ೧೯೧೩ರ ಅಕ್ಟೋಬರಿನಲ್ಲಿ ಮದುವೆಯಾದರು. ಚಿತ್ರ ಹೀಲಿಸ್‌ರನ್ನು ಬಾಲ್ಯದ ಪರಿಚಯವೆಂದು ಮಾಡಿದೆ. ವಾಸ್ತವದಲ್ಲಿ ಅವರ ಪರಿಚಯವಾದದ್ದು ಜಮೀನು ಕೊಳ್ಳುವ ವ್ಯವಹಾರದಲ್ಲಿ. ಇಂಥ ಬದಲಾವಣೆಗಳನ್ನು ನಾನು ದೋಷವೆಂದು ಎಣಿಸುವುದಿಲ್ಲ. ಸ್ಥಳವನ್ನು ಒಗ್ಗೂಡಿಸುವುದು, ಕಾಲವನ್ನು ಕುಗ್ಗಿಸುವುದು ಎಲ್ಲ ಕಾಲದ ಕವಿಗಳ ಹಕ್ಕು. ಮಹಾಭಾರತದ ಶಕುಂತಲೆಗೂ ಕಾಳಿದಾಸನ ಶಕುಂತಲೆಗೂ ಎಷ್ಟು ಅಂತರವಿದೆಯೆಂದು ನಮಗೆ ಗೊತ್ತು.

ಆದರೆ ಚಿತ್ರ ಬಿಟ್ಟಿರುವ ಮೂರು ಸಂಗತಿಗಳು ಬೇರೆ ಜಾತಿಯವು.

ಮೊದಲನೆಯದು, ಪೀಟರ್ ಮೊಲದ ಪುಸ್ತಕ ಹೊರಬಂದ ಬಗೆ. ಹಲವು ಪ್ರಕಾಶಕರು ಅದನ್ನು ಹಿಂದಿರುಗಿಸಿದರು. ಬಿಯಾಟ್ರಿಕ್ಸ್ ಅಳುತ್ತ ಕೂರಲಿಲ್ಲ. ೧೯೦೧ರ ಡಿಸೆಂಬರಿನಲ್ಲಿ ತಮ್ಮ ಸ್ವಂತ ಹಣದಿಂದ ೨೫೦ ಪ್ರತಿಗಳನ್ನು ಅಚ್ಚುಹಾಕಿಸಿದರು. ಪುಸ್ತಕ ಚಿಕ್ಕದಾಗಿರಬೇಕು, ಪುಟ್ಟ ಕೈಗಳಿಗೆ ಒಗ್ಗಬೇಕು, ಬೆಲೆಯೂ ಕಡಮೆಯಿರಬೇಕು ಎಂಬುದು ಅವರ ಹಟ. ವಾರ್ನ್ ಸಂಸ್ಥೆ ಚಿತ್ರಗಳೆಲ್ಲ ಬಣ್ಣದಲ್ಲಿರಬೇಕೆಂಬ ಷರತ್ತಿನ ಮೇಲೆ ಒಪ್ಪಿ, ೧೯೦೨ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಮೊದಲ ಮುದ್ರಣದ ೮,೦೦೦ ಪ್ರತಿಗಳು ಹೊರಬರುವ ಮೊದಲೇ ಖರ್ಚಾಗಿ, ವರ್ಷಾಂತ್ಯದ ಹೊತ್ತಿಗೆ ೨೮,೦೦೦ ಪ್ರತಿಗಳು ಅಚ್ಚಾಗಿದ್ದವು. ಮರುವರ್ಷ, ೧೯೦೩ರಲ್ಲಿ, ಪೀಟರ್‌ನ ಗೊಂಬೆಯನ್ನು ತಾವೇ ಹೊಲಿದು, ಅದರ ಹಕ್ಕನ್ನು ಸರಕಾರದಲ್ಲಿ ನೋಂದಾಯಿಸಿದರು. ತನ್ನ ಕೃತಿಯ ಬೆಲೆಯನ್ನು ಬಲ್ಲ, ಲೆಕ್ಕ ಬಲ್ಲ ಹೆಣ್ಣು ಆಕೆ. ಚಿತ್ರದಲ್ಲಿ ಸ್ವಂತ ಹಣದ ಆ ೨೫೦ ಪ್ರತಿಗಳಿಗೆ ಸ್ಥಾನವಿಲ್ಲ. ಆದ್ದರಿಂದ ಅವರ ಪ್ರತಿಭೆಯನ್ನು ನಾರ್ಮನ್ ಬಂದು ಎತ್ತಿಹಿಡಿದನೆಂಬ ಭಾವನೆ ಉಳಿಯುತ್ತದೆ. ನಾರ್ಮನ್ ಎತ್ತಿಹಿಡಿದದ್ದು ನಿಜ. ಆದರೆ ಅಷ್ಟರಲ್ಲಿ ಆಕೆ ಆಗಲೇ ತನ್ನ ಕಾಲ ಮೇಲೆ ನಿಂತಿದ್ದಳು.

ಎರಡನೆಯದು, ವಿಜ್ಞಾನ. ಮೊಲಕ್ಕೆ ಕೋಟು ತೊಡಿಸುವ ಮೊದಲು ಬಿಯಾಟ್ರಿಕ್ಸ್ ವರ್ಷಗಟ್ಟಲೆ ಅಣಬೆಗಳ ಅಭ್ಯಾಸ ಮಾಡಿದ್ದರು. ಸೂಕ್ಷ್ಮದರ್ಶಕವನ್ನು ಮುಂದಿಟ್ಟುಕೊಂಡು ನೂರಾರು ಅಣಬೆಗಳ ಚಿತ್ರಗಳನ್ನು ಬರೆದರು. ಅಣಬೆಯ ಬೀಜಕಗಳು ಮೊಳೆಯುವ ರೀತಿಯನ್ನು ಪ್ರಯೋಗ ಮಾಡಿ ನೋಡಿದರು. ಆ ಕುರಿತ ಅವರ ಪ್ರಬಂಧ ೧೮೯೭ರ ಏಪ್ರಿಲ್ ೧ರಂದು ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂತು. ಆದರೆ ಹೆಂಗಸರಿಗೆ ಆ ಸಭೆಗೆ ಪ್ರವೇಶವಿರಲಿಲ್ಲ. ಕ್ಯೂ ಉದ್ಯಾನದ ಜಾರ್ಜ್ ಮ್ಯಾಸಿ ಎಂಬ ವಿಜ್ಞಾನಿ ಅದನ್ನು ಅವರ ಪರವಾಗಿ ಮಂಡಿಸಿದರು. ಪ್ರಬಂಧ ಅಚ್ಚಾಗಲಿಲ್ಲ. ಅವರ ಅಣಬೆಯ ಚಿತ್ರಗಳು ಇಂದು ಆಂಬಲ್‌ಸೈಡಿನ ಆರ್ಮಿಟ್ ವಸ್ತುಸಂಗ್ರಹಾಲಯದಲ್ಲಿವೆ. ಪೀಟರ್‌ನ ಕಾಲು, ಕಿವಿ, ಬೆನ್ನಿನ ಬಾಗು ಅಷ್ಟು ನಿಜವೆನ್ನಿಸುವುದು ಈ ಶಿಸ್ತಿನ ಕಣ್ಣಿನಿಂದ. ಚಿತ್ರ ಇದನ್ನು ಬಿಟ್ಟುದರಿಂದ ಆಕೆಯ ಕಲೆ ಬರಿಯ ಕನಸುಗಾರ್ತಿಯ ಕಲ್ಪನೆಯಂತೆ ತೋರುತ್ತದೆ. ಹಾಳೆಯ ಮೊಲ ಕಣ್ಣು ಮಿಟುಕಿಸುವುದನ್ನು ನಾವು ನೋಡುತ್ತೇವೆ. ಆ ಕಣ್ಣನ್ನು ಬರೆಯಲು ಬೇಕಾದ ಹತ್ತು ವರ್ಷಗಳ ದುಡಿಮೆಯನ್ನು ನೋಡುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಚಿತ್ರದಲ್ಲಿ ನಾಯಿಕೆ ಶೋಕದ ನಂತರ ಮನೆ ಬಿಟ್ಟು ಹೊರಟು ಹಿಲ್ ಟಾಪಿನಲ್ಲಿ ನೆಲೆಸಿಬಿಡುತ್ತಾಳೆ. ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು. ವಾಸ್ತವದಲ್ಲಿ ಆದದ್ದು ಹಾಗಲ್ಲ. ೧೯೦೫ರಲ್ಲಿ ಹಿಲ್ ಟಾಪನ್ನು ಕೊಂಡದ್ದೇನೋ ನಿಜ. ಆದರೆ ಮುಂದಿನ ಎಂಟು ವರ್ಷ, ೧೯೧೩ರಲ್ಲಿ ಮದುವೆಯಾಗುವವರೆಗೆ, ಆಕೆ ಬಹುಪಾಲು ಲಂಡನ್ನಿನ ಮನೆಯಲ್ಲಿ ವೃದ್ಧ ತಂದೆತಾಯಿಯರ ಸೇವೆಯಲ್ಲಿಯೇ ಇದ್ದರು. ಬಿಡುವು ಸಿಕ್ಕಾಗ ಕೆಲವು ದಿನ, ಕೆಲವು ವಾರ ಹಿಲ್ ಟಾಪಿಗೆ ಓಡುತ್ತಿದ್ದರು, ಮತ್ತೆ ಹಿಂದಿರುಗುತ್ತಿದ್ದರು. ಆಶ್ಚರ್ಯವೆಂದರೆ, ಅವರ ಅತ್ಯುತ್ತಮ ಪುಸ್ತಕಗಳಲ್ಲಿ ಹಲವು ಹುಟ್ಟಿದ್ದು ಈ ಓಡಾಟದ ವರ್ಷಗಳಲ್ಲಿ. ಬೆಕ್ಕಿನ ಮರಿ ಟಾಮ್‌ನ ಕಥೆ ೧೯೦೭ರಲ್ಲಿ, ಬಾತುಕೋಳಿ ಜೆಮಿಮಾಳ ಕಥೆ ೧೯೦೮ರಲ್ಲಿ ಬಂದವು. ಹಿಲ್ ಟಾಪಿನ ಮನೆ, ತೋಟ, ಹಿತ್ತಿಲುಗಳೇ ಆ ಚಿತ್ರಗಳಲ್ಲಿ ಬಂದಿವೆ.

ಈ ಮೂರನೆಯ ಮೌನ ಏಕೆ ಮುಖ್ಯವೆಂದು ಕೇಳಬಹುದು. ನಮ್ಮ ತರಗತಿಯಲ್ಲಿ ಕುಳಿತಿರುವ ಅನೇಕ ಸೋದರಿಯರಿಗೆ ಈ ವರ್ಷ ಪದವಿ ಮುಗಿಯುತ್ತದೆ. ಮುಂದೇನೆಂಬ ಪ್ರಶ್ನೆ ಅವರ ಮನೆಗಳಲ್ಲಿ ಆಗಲೇ ಎದ್ದಿದೆ. 'ಮನೆಯನ್ನು ಬಿಟ್ಟು ಹೊರಟರೆ ಮಾತ್ರ ನಿನ್ನ ಬಾಳು ನಿನ್ನದು' ಎಂದು ಚಿತ್ರ ಹೇಳುವಂತೆ ತೋರಿದರೆ, ಹೊರಡಲಾಗದವಳು ಸೋತವಳೆಂಬ ಅರ್ಥವಾಗುತ್ತದೆ. ನಿಜವಾದ ಬಿಯಾಟ್ರಿಕ್ಸ್ ಅವರ ಬಾಳು ಇದಕ್ಕಿಂತ ಕಠಿನವಾದ, ಇದಕ್ಕಿಂತ ಹೆಚ್ಚು ಉಪಯುಕ್ತವಾದ ಮಾತನ್ನು ಹೇಳುತ್ತದೆ. ಕರ್ತವ್ಯವನ್ನು ಕಿತ್ತೆಸೆಯಲಾರದೆ, ಸ್ವಂತ ಕೆಲಸವನ್ನೂ ಬಿಡಲಾರದೆ, ಎರಡರ ನಡುವೆ ರೈಲುಗಾಡಿಯಲ್ಲಿ ಓಡಾಡುತ್ತಾ ಎಂಟು ವರ್ಷಗಳನ್ನು ಕಳೆದು, ಆ ಎಂಟು ವರ್ಷಗಳಿಂದಲೇ ಚಿರಕಾಲ ಬಾಳುವ ಪುಸ್ತಕಗಳನ್ನು ತೆಗೆದರು. ಇದರಲ್ಲಿ ಬಾಗಿಲು ಬಡಿದು ಹೊರಡುವ ವೀರವಿಲ್ಲ. ಆದರೆ ವೀರವೇ ಇಲ್ಲವೆಂದು ಯಾರು ಹೇಳಿಯಾರು? ಇದನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಒಪ್ಪುತ್ತೇನೆ. ಆದರೆ ಮರಣವನ್ನು ತೋರಿಸದೆ ಮನಗಾಣಿಸಬಲ್ಲ ನಿರ್ದೇಶಕನಿಗೆ ಇದು ಅಸಾಧ್ಯವಾಗಿರಲಿಲ್ಲ.

ಹೀಗೆಂದು ಚಿತ್ರವನ್ನು ತಿರಸ್ಕರಿಸಬೇಕೆ? ಖಂಡಿತ ಬೇಡ. ನಾನು ಕಂಡುಕೊಂಡ ಒರೆಗಲ್ಲು ಇದು: ಮೌನವೊಂದನ್ನು ಎದುರಿಸಿದಾಗ, ಅದು ನಮ್ಮನ್ನು ಆ ವ್ಯಕ್ತಿಯ ಹತ್ತಿರಕ್ಕೆ ಕರೆದೊಯ್ಯುತ್ತದೆಯೆ, ದೂರಕ್ಕೆ ಒಯ್ಯುತ್ತದೆಯೆ ಎಂದು ಕೇಳಿಕೊಳ್ಳಬೇಕು. ನಾರ್ಮನ್ನನ ಮರಣವನ್ನು ತೋರಿಸದ ಮೌನ ನಮ್ಮನ್ನು ಬಿಯಾಟ್ರಿಕ್ಸ್‌ರ ಎದೆಯ ಬಳಿಗೆ ಒಯ್ಯುತ್ತದೆ. ಅಣಬೆಯ ಪ್ರಬಂಧವನ್ನು ಹೇಳದ ಮೌನ ಅವರ ಮೇಜಿನಿಂದ ನಮ್ಮನ್ನು ದೂರ ಸರಿಸುತ್ತದೆ. ಮೊದಲನೆಯದು ಕಲೆಯ ಮೌನ. ಎರಡನೆಯದು ಅನುಕೂಲದ ಮೌನ. ಮೊದಲನೆಯದನ್ನು ಮೆಚ್ಚುವ ಸಹೃದಯತೆ, ಎರಡನೆಯದನ್ನು ಗುರುತಿಸುವ ಎಚ್ಚರ, ಎರಡೂ ವಿದ್ಯಾರ್ಥಿಗೆ ಬೇಕು. ಈ ಮಾತು ಚಲನಚಿತ್ರಕ್ಕೆ ಮಾತ್ರವಲ್ಲ, ನಾವು ಓದುವ ಜೀವನಚರಿತ್ರೆಗಳಿಗೂ, ಚಾರಿತ್ರಿಕ ಕಾದಂಬರಿಗಳಿಗೂ ಸಲ್ಲುತ್ತದೆ.

ಚಿತ್ರದ ಉತ್ತರಾರ್ಧದಲ್ಲಿ ಒಂದು ಹರಾಜಿನ ದೃಶ್ಯವಿದೆ. ಗುಡ್ಡದ ಮೇಲಿನ ಹೊಲಮನೆಗಳನ್ನು ಕೊಂಡು, ಒಡೆದು, ಹೊಸ ಕಟ್ಟಡಗಳನ್ನು ಎಬ್ಬಿಸಲು ಬಂದ ಹಣವಂತರ ಎದುರು ಬಿಯಾಟ್ರಿಕ್ಸ್ ಪರವಾಗಿ ಹೀಲಿಸ್ ಕೂಗು ಹಾಕುತ್ತಾರೆ. ಇಲ್ಲಿ ಚಿತ್ರವೂ ಚರಿತ್ರೆಯೂ ಮತ್ತೆ ಕೈಹಿಡಿಯುತ್ತವೆ. ಸರೋವರಗಳ ಆ ನಾಡು ನಮಗೆ ವರ್ಡ್ಸ್‌ವರ್ತ್ ಕವಿಯ ನಾಡೆಂದು ಪರಿಚಿತ. ಅಲ್ಲಿನ ಬಡ ಕುರಿಗಾಹಿಗಳ ಹೊಲಮನೆಗಳು ಒಂದೊಂದಾಗಿ ಮಾರಾಟವಾಗುತ್ತಿದ್ದ ಕಾಲದಲ್ಲಿ, ಮೊಲ, ಬಾತುಕೋಳಿ, ಅಳಿಲುಗಳ ಕಥೆಯಿಂದ ಬಂದ ಹಣದಲ್ಲಿ ಆಕೆ ಅವುಗಳನ್ನು ಕೊಂಡರು. ಹರ್ಡ್‌ವಿಕ್ ಎಂಬ ಗುಡ್ಡಗಾಡಿನ ಕುರಿತಳಿಯನ್ನು ಸಾಕಿ ಬೆಳೆಸಿ, ಸಂತೆಯ ಕುರಿಗಾರರಿಂದ ಸೈ ಎನ್ನಿಸಿಕೊಂಡರು. ೧೯೪೩ರ ಡಿಸೆಂಬರ್ ೨೨ರಂದು ತೀರಿಕೊಂಡಾಗ, ನಾಲ್ಕು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಹೋದರು. ಈ ಚಿತ್ರದಲ್ಲಿ ಹಿಲ್ ಟಾಪ್ ಎಂದು ನಾವು ನೋಡುವ ಮನೆ ಕಾನಿಸ್ಟನ್ ಬಳಿಯ ಯೂ ಟ್ರೀ ಹೊಲಮನೆ. ಅದೂ ಒಂದು ಕಾಲದಲ್ಲಿ ಆಕೆಯ ಒಡೆತನದಲ್ಲಿದ್ದು ಉಳಿದುಬಂದದ್ದೇ. ಚಿತ್ರ ತೆಗೆಯಲು ಹೋದವರಿಗೆ ನೂರು ವರ್ಷಗಳ ಹಿಂದಿನ ಗುಡ್ಡಗಾಡು ಹಾಗೆಯೇ ಸಿಕ್ಕಿತೆಂದರೆ, ಅದಕ್ಕೆ ಚಿತ್ರದ ನಾಯಿಕೆಯೂ ಒಬ್ಬ ಕಾರಣಳು.

ಆದಿಕವಿಯ ಶೋಕ ಶ್ಲೋಕವಾಯಿತೆಂದು ನಾವು ಓದಿದ್ದೇವೆ. ಈ ಹೆಣ್ಣಿನ ಶೋಕ ಪುಸ್ತಕವಾಯಿತು. ಪುಸ್ತಕದ ಹಣ ನೆಲವಾಯಿತು. ಆ ನೆಲ ಎಲ್ಲರದಾಯಿತು. ಆಕೆ ಇದನ್ನು ಎಲ್ಲಿಯೂ ದೊಡ್ಡದು ಮಾಡಿ ಹೇಳಿಕೊಂಡವರಲ್ಲ. ಆ ಗುಡ್ಡಗಳ ಮೇಲೆ ಇಂದಿಗೂ ಹರ್ಡ್‌ವಿಕ್ ಕುರಿಗಳು ಮೇಯುತ್ತಿವೆ.